ಹೂವಿನ ಮಂಟಪ: ಬಿದಿರು, ಬಾಳೆದಿಂಡುಗಳಲ್ಲಿ ಚೌಕಟ್ಟು ಕಟ್ಟುವ ಬಗೆ

ಹೂವಿನ ಅಲಂಕಾರವೆಂದೊಡನೆ ನಮ್ಮ ಕಣ್ಣು ಹೂವನ್ನೇ ಹುಡುಕುತ್ತದೆ. ಆದರೆ ಗೌರಿ-ಗಣೇಶರ ಮಂಟಪ, ವರಮಹಾಲಕ್ಷ್ಮಿಯ ಪ್ರಭಾವಳಿ, ನಾಮಕರಣದ ತೊಟ್ಟಿಲು, ಮದುವೆಯ ಹಸೆಮಣೆಯ ಮೇಲಿನ ಚಪ್ಪರ ಇವೆಲ್ಲವೂ ನಿಂತಿರುವುದು ಹೂವಿನ ಹಿಂದೆ ಅಡಗಿರುವ ಚೌಕಟ್ಟಿನ ಮೇಲೆ. ಚೌಕಟ್ಟು ಸೊಟ್ಟಗಾದರೆ ಎಷ್ಟು ಹೂ ಸುರಿದರೂ ಮಂಟಪ ನೇರವಾಗುವುದಿಲ್ಲ. ದೆಹಲಿ, ನೋಯ್ಡಾ, ಗುರುಗ್ರಾಮ, ಗಾಜಿಯಾಬಾದುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದಾದ ಮಂಟಪದ ಅಳತೆ, ಸಾಮಗ್ರಿ ಮತ್ತು ಕ್ರಮಗಳನ್ನು, ಅದರ ಹಿನ್ನೆಲೆಯೊಂದಿಗೆ, ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಈ ವಿಷಯಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. ಮೂರು-ನಾಲ್ಕು ದಶಕಗಳ ಕಾಲ ನಗರದ ಮನೆಗಳಲ್ಲಿ ಮಂಟಪವೆಂದರೆ ಥರ್ಮೋಕೋಲ್ ಎಂಬಂತಾಗಿತ್ತು. ಹಗುರ, ಅಗ್ಗ, ಚಾಕುವಿನಿಂದ ಕತ್ತರಿಸಿದರೆ ಬೇಕಾದ ಆಕಾರ. ಆದರೆ 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ನಿಷೇಧದ ಪಟ್ಟಿಯಲ್ಲಿ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಕೂಡ ಇದೆ. ಹೀಗಾಗಿ ಅಜ್ಜಿಯರ ಕಾಲದ ಬಿದಿರು, ಬಾಳೆದಿಂಡು, ನಾರುಗಳ ವಿದ್ಯೆ ಮತ್ತೆ ಬೇಕಾಗಿದೆ. ಅದನ್ನು ಬಲ್ಲವರಾದರೋ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ನಾಡಿನ ಪರಂಪರೆ

ಹೂವಿಗೆ ಆಧಾರ ಕಟ್ಟುವ ಕಲೆ ಕನ್ನಡ ನಾಡಿನಲ್ಲಿ ಪ್ರದೇಶಕ್ಕೊಂದು ರೂಪ ತಾಳಿದೆ. ಬೆಂಗಳೂರಿನ ಧರ್ಮರಾಯಸ್ವಾಮಿ ದೇವಾಲಯದಿಂದ ಚೈತ್ರ ಪೂರ್ಣಿಮೆಯ ರಾತ್ರಿ ಹೊರಡುವ ಕರಗ ಎಲ್ಲರಿಗೂ ಪರಿಚಿತ. ಹೂ-ತರಕಾರಿಗಳ ಕೃಷಿಯನ್ನೇ ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ತಿಗಳ ಸಮುದಾಯದವರ ಈ ಉತ್ಸವದಲ್ಲಿ ಮಲ್ಲಿಗೆಯ ಶಿಖರವನ್ನು ಹೊತ್ತವರು ಅದನ್ನು ಕೈಯಿಂದ ಹಿಡಿಯದೆ ಊರು ಸುತ್ತುತ್ತಾರೆ. ನಡಿಗೆ, ಕುಣಿತಗಳ ಕುಲುಕಾಟವನ್ನೆಲ್ಲ ತಡೆದುಕೊಳ್ಳುವಂತೆ ಅಷ್ಟು ಹೂವನ್ನು ಹೊಂದಿಸುವುದು ಸಾಮಾನ್ಯ ಕೆಲಸವಲ್ಲ. ಅದೇ ರಾತ್ರಿ ನಗರದ ಹಲವು ದೇವಾಲಯಗಳಿಂದ ಹೂವಿನ ಪಲ್ಲಕ್ಕಿಗಳೂ ಹೊರಡುತ್ತವೆ.

ಉತ್ತರ ಕನ್ನಡ ಹಾಗೂ ಮಲೆನಾಡಿನ ಮನೆಗಳಲ್ಲಿ ಗಣೇಶನ ಮೇಲ್ಗಡೆ ಫಲಾವಳಿ ಕಟ್ಟುವ ಪದ್ಧತಿಯಿದೆ. ಮಾಡಿನಿಂದ ಇಳಿಬಿಟ್ಟ ಮರದ ಅಥವಾ ಬಿದಿರಿನ ಚೌಕಟ್ಟಿಗೆ ಆ ಋತುವಿನ ಕಾಡುಕಾಯಿ, ಹಣ್ಣು, ಹೂ, ಅಡಕೆ, ತೆಂಗು ಮೊದಲಾದವುಗಳನ್ನು ತೂಗುಹಾಕುತ್ತಾರೆ. ಗೋವೆಯಲ್ಲಿ ಇದಕ್ಕೆ ಮಾಟೋಳಿ ಎಂದು ಹೆಸರು. ತುಳುನಾಡಿನಲ್ಲಿ ನಾಗಮಂಡಲದ ಮಂಟಪಗಳು ಹಿಂಗಾರ ಮತ್ತು ಎಳೆಯ ತೆಂಗಿನ ಗರಿಗಳಿಂದ ಕಂಗೊಳಿಸುತ್ತವೆ. ಭೂತಕೋಲದಲ್ಲಿ ದೈವದ ಬೆನ್ನಿಗೆ ಕಟ್ಟುವ ಅಣಿ ಕೂಡ ಹಗುರವಾದ ಚೌಕಟ್ಟಿನ ಮೇಲೆ ಅರಳಿದ ಅಲಂಕಾರವೇ. ಮದುಮಗಳ ಮೊಗ್ಗಿನ ಜಡೆಯನ್ನು ಬಿಚ್ಚಿ ನೋಡಿದರೂ ಮೊಗ್ಗುಗಳ ಹಿಂದೆ ರಟ್ಟಿನ ಅಥವಾ ಬಾಳೆಪಟ್ಟೆಯ ಒಂದು ಆಧಾರ ಕಾಣುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದನ್ನು ಕಾಣಬೇಕಾದರೆ ಲಾಲ್‌ಬಾಗಿಗೆ ಹೋಗಬೇಕು. 1889ರಲ್ಲಿ ಶಂಕುಸ್ಥಾಪನೆಯಾದ ಅಲ್ಲಿನ ಗಾಜಿನ ಮನೆಯಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳಿಗೆ ಇಡೀ ಕಟ್ಟಡಗಳೇ ಹೂವಿನಲ್ಲಿ ಮೂಡುತ್ತವೆ. 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ನೆನಪಿಗೆ ಗಾಜನೂರಿನ ಮನೆಯ ಮಾದರಿಯೂ, 2023ರ ಆಗಸ್ಟಿನಲ್ಲಿ ಕೆಂಗಲ್ ಹನುಮಂತಯ್ಯನವರ ನೆನಪಿಗೆ ವಿಧಾನಸೌಧದ ಮಾದರಿಯೂ ಅಲ್ಲಿ ನಿಂತಿದ್ದವು. ಇಂತಹ ಮಾದರಿಗಳಲ್ಲಿ ಒಳಗಿನ ಅಸ್ಥಿಪಂಜರವೇ ಮೊದಲು ಸಿದ್ಧವಾಗಬೇಕು. ಹೂವಿಗೆ ಸಿಗುವುದು ಕಡೆಯ ಕೆಲವು ಗಂಟೆಗಳಷ್ಟೆ.

ದೆಹಲಿಗೂ ತನ್ನದೇ ಆದ ಹೂವಿನ ಕೈಕೆಲಸವಿದೆ. ಮೆಹ್ರೋಲಿಯ ‘ಫೂಲ್ ವಾಲೋಂ ಕಿ ಸೈರ್’ ಉತ್ಸವ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಮೊಗಲ್ ದೊರೆ ಎರಡನೆಯ ಅಕ್ಬರ್ ಷಾನ ಕಾಲದಲ್ಲಿ ಹುಟ್ಟಿತು. ಬ್ರಿಟಿಷರು ಅಲಹಾಬಾದಿಗೆ ಗಡೀಪಾರು ಮಾಡಿದ್ದ ಮಗ ಮಿರ್ಜಾ ಜಹಾಂಗೀರ್ ಮರಳಿ ಬಂದರೆ ಹೂವಿನ ಚಾದರ ಅರ್ಪಿಸುವುದಾಗಿ ರಾಣಿ ಹೊತ್ತ ಹರಕೆಯೇ ಇದಕ್ಕೆ ಮೂಲವೆಂದು ಹೇಳುತ್ತಾರೆ. ಖ್ವಾಜಾ ಬಖ್ತಿಯಾರ್ ಕಾಕಿಯವರ ದರ್ಗಾಕ್ಕೆ ಹೂವಿನ ಚಾದರ, ಯೋಗಮಾಯಾ ದೇವಾಲಯಕ್ಕೆ ಹೂವಿನ ಪಂಖಾ, ಅಂದರೆ ಬೀಸಣಿಗೆ, ಸಲ್ಲುವುದು ಇದರ ವಿಶೇಷ. 1942ರಲ್ಲಿ ಬ್ರಿಟಿಷರು ನಿಲ್ಲಿಸಿದ ಈ ಉತ್ಸವ 1962ರಲ್ಲಿ ನೆಹರೂ ಅವರ ಆಸಕ್ತಿಯಿಂದ ಪುನರಾರಂಭವಾಯಿತು. ಎತ್ತರದ ಕೋಲಿನ ತುದಿಯಲ್ಲಿ ಹೊತ್ತು ಸಾಗುವ ಆ ಪಂಖಾ, ನಮ್ಮ ಪ್ರಭಾವಳಿಗೆ ಹತ್ತಿರದ ನಂಟೇ ಸರಿ.

ಬೇಕಾಗುವ ಸಾಮಗ್ರಿ

ಇಲ್ಲಿ ವಿವರಿಸುವುದು ಎರಡು ಅಡಿ ಚೌಕದ ಮಣೆಯ ಮೇಲೆ ನಿಲ್ಲುವ, ಮೂರು ಅಡಿ ಎತ್ತರದ ಕಂಬಗಳ, ಅದರ ಮೇಲೆ ಒಂದು ಅಡಿ ಶಿಖರವಿರುವ ಮಂಟಪ. ಫ್ಲ್ಯಾಟಿನ ಹಜಾರದ ಒಂದು ಮೂಲೆಗೆ ಇದು ಸರಿಹೊಂದುತ್ತದೆ. ಬಿಚ್ಚಿದರೆ ಎಲ್ಲ ತುಂಡುಗಳೂ ಲಿಫ್ಟಿನಲ್ಲಿ ಸುಲಭವಾಗಿ ಹಿಡಿಯುತ್ತವೆ.

ಮಣೆ: ಎರಡು ಅಡಿ ಮೂರು ಅಂಗುಲ ಚೌಕದ ದಪ್ಪ ಪ್ಲೈವುಡ್ ಹಲಗೆ, ಒಂದು.
ಕಂಬ: ಒಂದೂಕಾಲು ಅಂಗುಲ ದಪ್ಪದ ಬಿದಿರಿನ ಗಳ, ಮೂರು ಅಡಿಯವು, ನಾಲ್ಕು.
ಅಡ್ಡಗಳ: ತೆಳುವಾದ ಬಿದಿರು, ಎರಡು ಅಡಿ ಮೂರು ಅಂಗುಲದವು, ಎಂಟು.
ಓರೆದಬ್ಬೆ: ಸೀಳಿದ ಬಿದಿರು, ನಾಲ್ಕು ಅಡಿಯವು ಮೂರು, ಮೂರೂಕಾಲು ಅಡಿಯದು ಒಂದು.
ಮುಂಭಾಗದ ಕಮಾನು: ಮೂರು ಅಡಿ ಎಂಟು ಅಂಗುಲದ ದಬ್ಬೆ, ಒಂದು.
ಶಿಖರ: ನಾಲ್ಕೂಕಾಲು ಅಡಿಯ ದಬ್ಬೆ, ಎರಡು.
ಇತರೆ: ಸೆಣಬಿನ ಹುರಿ, ಬಾಳೆನಾರು, ಎರಡು ಅಡಿ ಉದ್ದದ ಒಂದು ಬಾಳೆದಿಂಡು, ಬಾಳೆಪಟ್ಟೆಗಳು, ಮಾವಿನ ಸೊಪ್ಪು, ಹೂ.

ಬಿದಿರನ್ನು ದೆಹಲಿಯಲ್ಲಿ ‘ಬಾಂಸ್-ಬಲ್ಲಿ’ ಮಾರುವ ಅಂಗಡಿಗಳಲ್ಲಿ ಕೇಳಬೇಕು. ಸೆಣಬಿನ ಹುರಿಯನ್ನು ‘ಸುತ್‌ಲೀ’ ಎಂದರೆ ಯಾವ ಹಾರ್ಡ್‌ವೇರ್ ಅಂಗಡಿಯವರೂ ಕೊಡುತ್ತಾರೆ. ಬಾಳೆ ಎಲೆ, ದಿಂಡುಗಳಿಗೆ ಐಎನ್ಎ ಮಾರುಕಟ್ಟೆಯಂತಹ, ದಕ್ಷಿಣದ ತರಕಾರಿ ಸಿಗುವ ಸ್ಥಳಗಳಲ್ಲಿ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಹೇಳಿಡುವುದು ಒಳ್ಳೆಯದು. ಸಗಟು ಹೂವಿಗೆ ಪೂರ್ವ ದೆಹಲಿಯ ಗಾಜೀಪುರದ ಹೂ ಮಂಡಿಯಿದೆ. ಕನಾಟ್ ಪ್ಲೇಸ್, ಫತೇಪುರಿ ಮತ್ತು ಮೆಹ್ರೋಲಿಗಳಲ್ಲಿದ್ದ ಹಳೆಯ ಹೂ ಮಾರುಕಟ್ಟೆಗಳು ಅಲ್ಲಿಗೆ ಸ್ಥಳಾಂತರಗೊಂಡವು. ಅಲ್ಲಿ ವ್ಯಾಪಾರ ಬೆಳಕು ಹರಿಯುವ ಮುನ್ನವೇ ಬಿರುಸಾಗಿರುತ್ತದೆ. ನಮ್ಮ ಚೆಂಡುಹೂ ಅಲ್ಲಿ ‘ಗೇಂದಾ’, ಸುಗಂಧರಾಜ ‘ರಜನೀಗಂಧಾ’, ಸೇವಂತಿಗೆ ‘ಗುಲ್‌ದಾವುದೀ’. ಮಾಲೆಯ ಎಳೆಗೆ ‘ಲಡೀ’ ಎನ್ನುತ್ತಾರೆ.

ಚೌಕಟ್ಟು ಕಟ್ಟುವ ಕ್ರಮ

ಬಿದಿರನ್ನು ಕತ್ತರಿಸುವಾಗ ಕಂಬದ ಮೇಲ್ತುದಿಯಲ್ಲಿ ಒಂದು ಗೆಣ್ಣು ಉಳಿಯುವಂತೆ, ಗೆಣ್ಣಿನ ಸ್ವಲ್ಪ ಮೇಲೆ ಗರಗಸವಿಡಬೇಕು. ಗೆಣ್ಣಿನಲ್ಲಿ ಬಿದಿರಿಗೆ ಒಳಗಿನಿಂದ ತಡೆಗೋಡೆಯಿರುವುದರಿಂದ ತುದಿ ಸೀಳುವುದಿಲ್ಲ. ಗೆಣ್ಣಿನ ಉಬ್ಬಿನ ಪಕ್ಕದಲ್ಲಿ ಕಟ್ಟಿದ ಹುರಿ ಜಾರುವುದೂ ಇಲ್ಲ. ಸೀಳಿದ ದಬ್ಬೆಯ ಅಂಚು ಚಾಕುವಿನಷ್ಟೇ ಹರಿತವಾಗಿರುತ್ತದೆಯಾದ್ದರಿಂದ ಉಪ್ಪುಕಾಗದದಿಂದ ಉಜ್ಜಿ ನಯಮಾಡಿದ ಮೇಲೆಯೇ ಮಕ್ಕಳ ಕೈಗೆ ಕೊಡಬೇಕು.

ಮೊದಲು ಮಣೆಯ ಮೇಲೆ ಎರಡು ಅಡಿಯ ಚೌಕವನ್ನು ಗೆರೆ ಎಳೆದು ಗುರುತಿಸಿಕೊಳ್ಳಿ. ಎರಡು ಕರ್ಣಗಳನ್ನೂ ಅಳೆದು ನೋಡಿ. ಎರಡೂ ಎರಡು ಅಡಿ ಹತ್ತು ಅಂಗುಲ ಬಂದರೆ ಚೌಕ ಸರಿಯಾಗಿದೆ. ನಾಲ್ಕು ಮೂಲೆಗಳಲ್ಲಿ ಕಂಬ ನಿಲ್ಲಿಸಿ ಮಣೆಯ ಕೆಳಗಿನಿಂದ ಸ್ಕ್ರೂ ಹಾಕಿ, ಅಥವಾ ಮಣೆಗೆ ಜೋಡಿ ರಂಧ್ರ ಕೊರೆದು ಹುರಿಯಿಂದ ಬಿಗಿಯಿರಿ. ಸ್ಕ್ರೂ ಹಾಕುವ ಮೊದಲು ಬಿದಿರಿಗೆ ತೆಳುವಾದ ರಂಧ್ರ ಕೊರೆಯದಿದ್ದರೆ ಗಳ ಸೀಳಿಹೋಗುತ್ತದೆ.

ಅಡ್ಡಗಳ ಕಟ್ಟುವ ಗಂಟನ್ನು ಕಲಿತರೆ ಅರ್ಧ ವಿದ್ಯೆ ಬಂದಂತೆ. ಹುರಿಯ ತುದಿಯನ್ನು ಕಂಬಕ್ಕೆ ಗಂಟುಹಾಕಿ, ಅಡ್ಡಗಳದ ಮುಂದೆ, ಕಂಬದ ಹಿಂದೆ, ಮತ್ತೆ ಅಡ್ಡಗಳದ ಮುಂದೆ, ಹೀಗೆ ಚೌಕವಾಗಿ ಮೂರು ನಾಲ್ಕು ಸುತ್ತು ತನ್ನಿ. ಬಳಿಕ ಎರಡು ಗಳಗಳ ನಡುವಿನ ಸಂದಿಯಲ್ಲಿ, ಮೊದಲಿನ ಸುತ್ತುಗಳನ್ನೇ ಹಿಂಡುವಂತೆ, ಎರಡು ಸುತ್ತು ಬಲವಾಗಿ ಎಳೆದು ಅಡ್ಡಗಳಕ್ಕೆ ಗಂಟು ಬಿಗಿಯಿರಿ. ಬಿಗಿ ಬರುವುದು ಕಡೆಯ ಈ ಎರಡು ಸುತ್ತುಗಳಿಂದಲೇ. ಚಪ್ಪರ ಕಟ್ಟುವವರು ತಲೆಮಾರುಗಳಿಂದ ಬಳಸುತ್ತ ಬಂದಿರುವ ಈ ಗಂಟನ್ನು ಸ್ಕೌಟ್ ಶಿಬಿರಗಳಲ್ಲಿ ಇಂದಿಗೂ ಕಲಿಸುತ್ತಾರೆ. ಕೆಳಗೆ ನಾಲ್ಕು, ಮೇಲೆ ನಾಲ್ಕು ಅಡ್ಡಗಳಗಳನ್ನು ಹೀಗೆ ಕಟ್ಟಿದರೆ ಪೆಟ್ಟಿಗೆಯ ಆಕಾರ ಸಿದ್ಧ.

ಈಗ ಅದನ್ನು ಕೈಯಿಂದ ತಳ್ಳಿ ನೋಡಿದರೆ ವಾಲುತ್ತದೆ. ನಾಲ್ಕು ಬದಿಯ ಆಕಾರ ಮೂಲೆಗಳಲ್ಲಿ ತಿರುಗಿ ಸೊಟ್ಟಗಾಗಬಲ್ಲುದು, ತ್ರಿಕೋನ ಹಾಗಾಗದು. ಆದುದರಿಂದ ಹಿಂಬದಿಗೊಂದು, ಎರಡು ಪಕ್ಕಗಳಿಗೆ ಒಂದೊಂದು, ಹೀಗೆ ಮೂರು ಉದ್ದನೆಯ ಓರೆದಬ್ಬೆಗಳನ್ನು ಮೂಲೆಯಿಂದ ಮೂಲೆಗೆ ಕಟ್ಟಿ, ಮೇಲಿನ ಚೌಕಕ್ಕೆ ಗಿಡ್ಡ ದಬ್ಬೆಯನ್ನು ಕರ್ಣವಾಗಿ ಬಿಗಿಯಬೇಕು. ಮುಂಭಾಗ ದರ್ಶನಕ್ಕೆ ತೆರೆದೇ ಇರಲಿ. ಉಳಿದ ಬದಿಗಳು ಗಟ್ಟಿಯಾಗಿದ್ದರೆ ಮಂಟಪ ಅಲುಗುವುದಿಲ್ಲ. ಮನೆಯ ಮಂಟಪಗಳು ಹೂವಿನ ಭಾರಕ್ಕೆ ಪಕ್ಕಕ್ಕೆ ವಾಲುವುದು ಸಾಮಾನ್ಯವಾಗಿ ಈ ಓರೆದಬ್ಬೆಗಳನ್ನು ಬಿಟ್ಟಾಗಲೇ.

ಕಮಾನಿಗೆ ಹಸಿ ಬಿದಿರು ಸಿಕ್ಕರೆ ಸುಲಭವಾಗಿ ಬಾಗುತ್ತದೆ. ಒಣ ದಬ್ಬೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ ಸಣ್ಣ ಉರಿಯ ಮೇಲೆ ಆಡಿಸುತ್ತ ನಿಧಾನವಾಗಿ ಬಗ್ಗಿಸಬೇಕು. ಬಿದಿರಿನ ಹಸಿರು ಸಿಪ್ಪೆಯ ಭಾಗ ಬಾಗಿನ ಹೊರಗಡೆಗಿರಲಿ. ಗಟ್ಟಿನಾರು ಅಲ್ಲಿ ದಟ್ಟವಾಗಿರುವುದರಿಂದ ಎಳೆತವನ್ನು ತಡೆಯುತ್ತದೆ. ಎರಡು ಅಡಿ ಅಗಲದ ಅರ್ಧವೃತ್ತಕ್ಕೆ ಸುಮಾರು ಮೂರು ಅಡಿ ಎರಡು ಅಂಗುಲ ಉದ್ದ ಬೇಕು. ಕಟ್ಟಲು ಎರಡೂ ಕಡೆ ಮೂರು ಮೂರು ಅಂಗುಲ ಸೇರಿಸಿ ಮೂರು ಅಡಿ ಎಂಟು ಅಂಗುಲವೆಂದು ಮೇಲೆ ಹೇಳಿದೆ. ಶಿಖರಕ್ಕೆ ಉಳಿದೆರಡು ದಬ್ಬೆಗಳನ್ನು ಎದುರು-ಬದುರು ಮೂಲೆಗಳ ನಡುವೆ ಬಿಲ್ಲಿನಂತೆ ಬಾಗಿಸಿ, ನೆತ್ತಿಯಲ್ಲಿ ಒಂದರ ಮೇಲೊಂದು ಹಾಯುವಂತೆ ಕಟ್ಟಿ. ಹಾಯುವ ಬಿಂದುವೇ ಕಳಶದ ಸ್ಥಾನ.

ಬಾಳೆದಿಂಡು

ಹೂವಿನಂಗಡಿಗಳಲ್ಲಿ ಹೂ ಚುಚ್ಚಲು ಬಳಸುವ ಹಸಿರು ಇಟ್ಟಿಗೆಯಂತಹ ವಸ್ತುವಿಗೆ ‘ಓಯಸಿಸ್’ ಎಂದು ರೂಢಿಯ ಹೆಸರು. 1954ರಲ್ಲಿ ಅಮೆರಿಕೆಯಲ್ಲಿ ಬಳಕೆಗೆ ಬಂದ ಈ ನೊರೆ ವಾಸ್ತವವಾಗಿ ಫಿನಾಲಿಕ್ ಪ್ಲಾಸ್ಟಿಕ್. ಪುಡಿಯಾಗುತ್ತದೆಯೇ ಹೊರತು ಮಣ್ಣಿನಲ್ಲಿ ಕರಗುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿತು. ಅಲ್ಲಿನ ಕುಶಲಿಗಳು ಬದಲಿಗಾಗಿ ತಂತಿಯ ಜಾಲರಿ, ಕಡ್ಡಿಗಳ ಹೆಣಿಗೆಗಳತ್ತ ತಿರುಗಿದ್ದಾರೆ. ನಮ್ಮಲ್ಲಿ ಆ ಬದಲಿ ಹಿತ್ತಿಲಲ್ಲೇ ಇತ್ತು.

ಬಾಳೆಯ ಕಾಂಡವೆಂದು ನಾವು ಕರೆಯುವುದು ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಗಳ ಕಟ್ಟು. ಪ್ರತಿ ಪಟ್ಟೆಯೊಳಗೂ ಜೇನುಗೂಡಿನಂತಹ ಗೂಡುಗಳಿದ್ದು, ನೀರು ತುಂಬಿಕೊಂಡಿರುತ್ತದೆ. ಗೊನೆ ಕಡಿದ ಮೇಲೆ ಆ ಕಾಂಡ ಹೇಗೂ ಬೀಳಬೇಕಾದದ್ದೇ. ಎರಡು ಅಡಿಯ ದಿಂಡನ್ನು ಉದ್ದಕ್ಕೆ ಸೀಳಿ, ಕೊಯ್ದ ಮುಖ ಕೆಳಗಾಗುವಂತೆ ಒಂದು ಹೋಳನ್ನು ಮಂಟಪದ ಮುಂಭಾಗದಲ್ಲಿಡಿ. ಬಿದಿರಿನ ಕಡ್ಡಿಯಿಂದ ಮೊದಲು ರಂಧ್ರ ಮಾಡಿ, ಓರೆಯಾಗಿ ಕತ್ತರಿಸಿದ ಹೂವಿನ ತೊಟ್ಟನ್ನು ಅದರೊಳಗೆ ನೆಟ್ಟರೆ ಸೇವಂತಿಗೆ, ಗುಲಾಬಿ, ಸುಗಂಧರಾಜಗಳಿಗೆ ಅಲ್ಲಿಯೇ ತೇವ ದೊರೆಯುತ್ತದೆ. ಇನ್ನೊಂದು ಹೋಳಿನ ಪಟ್ಟೆಗಳನ್ನೂ, ಬೇರೆಯಾಗಿ ತಂದ ಉದ್ದನೆಯ ಪಟ್ಟೆಗಳನ್ನೂ ಕಂಬಗಳಿಗೆ ಹೊದಿಸಿ ನಾರಿನಿಂದ ಕಟ್ಟಿದರೆ ಬಿದಿರು ಮರೆಯಾಗಿ, ಸುಮಾರು ಎರಡು ಅಂಗುಲ ದಪ್ಪದ ನುಣುಪಾದ ಕಂಬಗಳು ಸಿದ್ಧವಾಗುತ್ತವೆ. ಬಾಳೆಯ ಸೊನೆ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಹಳೆಯ ಬಟ್ಟೆ ತೊಟ್ಟು, ನೆಲಕ್ಕೆ ಕಾಗದ ಹಾಸಿ ಕೆಲಸ ಮಾಡಬೇಕು.

ಹೂವಿನ ಲೆಕ್ಕ

ಎರಡು ಅಂಗುಲ ದಪ್ಪದ ಚೆಂಡುಹೂ ಮಾಲೆಯಿಂದ ಮೂರು ಅಡಿಯ ಒಂದು ಕಂಬವನ್ನು ಪೂರ್ತಿ ಮುಚ್ಚಲು ಎಷ್ಟು ಉದ್ದ ಬೇಕು? ಮಾಲೆಯನ್ನು ಸುತ್ತಿದರೆ ಪ್ರತಿ ಸುತ್ತಿಗೆ ಹನ್ನೆರಡೂವರೆ ಅಂಗುಲದಂತೆ ಹದಿನೆಂಟು ಸುತ್ತು, ಅಂದರೆ ಸುಮಾರು ಹತ್ತೊಂಬತ್ತು ಅಡಿ. ಉದ್ದಕ್ಕೆ ಇಳಿಬಿಟ್ಟರೆ ಆರು ಎಳೆ, ಹದಿನೆಂಟು ಅಡಿ. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಸುತ್ತಿದ ಮಾಲೆ ಗೋಡೆಯ ಕಡೆಗೂ ಅಷ್ಟೇ ಹೂ ನುಂಗುತ್ತದೆ. ಇಳಿಬಿಟ್ಟರೆ ಕಾಣುವ ಕಡೆಗೆ ಮೂರು ಎಳೆ ಸಾಕು. ಒಂದು ಮೊಳಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ, ನಾಲ್ಕು ಕಂಬಗಳಿಗೆ ಐವತ್ತು ಮೊಳದ ಬದಲು ಇಪ್ಪತ್ನಾಲ್ಕು ಮೊಳದಲ್ಲಿ ಕೆಲಸ ಮುಗಿಯುತ್ತದೆ. ಎಳೆಗಳ ನಡುವೆ ಬಾಳೆಪಟ್ಟೆಯ ಎಳೆಹಸಿರು ಇಣುಕುವುದೂ ಚೆನ್ನ. ಹಬ್ಬದ ದಿನ ಹೂವಿನ ದರ ಏರುವ ಊರಿನಲ್ಲಿ ಈ ಉಳಿತಾಯ ಸಣ್ಣದಲ್ಲ.

ಕರಾವಳಿಯವರಿಗೆ ಹೂವಿನ ಅಳತೆಯೇ ಬೇರೆ. ಶಂಕರಪುರದ ಸುತ್ತಮುತ್ತ ಬೆಳೆಯುವ ಉಡುಪಿ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉಡುಪಿ, ಮೈಸೂರು, ಹೂವಿನಹಡಗಲಿ ಈ ಮೂರೂ ಊರುಗಳ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ.

ಹೂ ಏರಿಸುವುದಕ್ಕೂ ಕ್ರಮವುಂಟು. ಚೌಕಟ್ಟನ್ನು ಹಬ್ಬಕ್ಕೆ ಮೂರು ದಿನ ಮೊದಲೇ ಮುಗಿಸಿಡಿ. ಹಿಂದಿನ ಸಂಜೆ ಬಾಳೆಪಟ್ಟೆ, ಮಾವಿನ ತೋರಣ, ಬಳಿಕ ಗಟ್ಟಿಯಾದ ಚೆಂಡುಹೂ ಮತ್ತು ಸೇವಂತಿಗೆ. ಬೆಳಗ್ಗೆ ಗುಲಾಬಿ, ಸುಗಂಧರಾಜ. ಎಲ್ಲಕ್ಕೂ ಕಡೆಯಲ್ಲಿ ಮಲ್ಲಿಗೆ. ಮಲ್ಲಿಗೆಯನ್ನು ಮೊಗ್ಗಾಗಿದ್ದಾಗಲೇ ಕಟ್ಟಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾದ ಕಡೆ ಇಡಬೇಕು. ಭಾದ್ರಪದದ ದೆಹಲಿಯಲ್ಲಿ ಸೆಕೆಯೂ ತೇವವೂ ಕೂಡಿರುವುದರಿಂದ ಹೂವಿನ ಮೇಲೆ ನೀರು ಸುರಿದರೆ ಬೇಗ ಕೊಳೆಯುತ್ತದೆ. ಸಣ್ಣಗೆ ತುಂತುರು ಸಿಂಪಡಿಸಿದರೆ ಸಾಕು. ಫ್ಯಾನಿನ ನೇರ ಗಾಳಿ ಎಸಳನ್ನು ಒಣಗಿಸುತ್ತದೆ. ಫಲಾವಳಿ ಕಟ್ಟುವವರು ಮಾಗಿದ ಬಾಳೆಗೊನೆಯನ್ನು ಹೂವಿನಿಂದ ದೂರವಿಡಬೇಕು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆ.

ಎಚ್ಚರಿಕೆ

ಬಿದಿರು, ಸೆಣಬು, ಒಣಗಿದ ಹೂ ಎಲ್ಲವೂ ಬೆಂಕಿಗೆ ಆಹಾರ. ದೀಪಸ್ತಂಭಗಳನ್ನು ಮಂಟಪದ ಒಳಗಿಡದೆ, ಕನಿಷ್ಠ ಒಂದೂವರೆ ಅಡಿ ಮುಂದೆ, ಗಾಳಿಗೆ ಜ್ವಾಲೆ ವಾಲಿದರೂ ತಾಗದಷ್ಟು ದೂರದಲ್ಲಿಡಬೇಕು. ಮಂಗಳಾರತಿಯ ತಟ್ಟೆ ಕಮಾನಿನ ಕೆಳಗೆ ಹೋಗದಿರಲಿ. ವಿದ್ಯುದ್ದೀಪದ ಸರಗಳನ್ನು ಒದ್ದೆಯಾದ ಬಾಳೆಪಟ್ಟೆಯ ಮೇಲೆ ಸುತ್ತಬಾರದು. ಹಗುರವಾದ ಎಲ್‌ಇಡಿ ಸರವನ್ನು ಮೇಲಿನ ಒಣ ಅಡ್ಡಗಳಕ್ಕೆ ಕಟ್ಟಿ, ರಾತ್ರಿ ಮಲಗುವ ಮುನ್ನ ಆರಿಸುವುದು ಕ್ಷೇಮ. ಹೂ ಏರಿಸುವ ಮೊದಲು ತುಂಬಿದ ಎರಡು ನೀರಿನ ಬಾಟಲಿಗಳನ್ನು ಶಿಖರಕ್ಕೆ ತೂಗುಹಾಕಿ ಒಂದು ಗಂಟೆ ಬಿಟ್ಟು ನೋಡಿ. ಗಂಟು ಸಡಿಲವಿದ್ದರೆ ಆಗಲೇ ತಿಳಿಯುತ್ತದೆ.

ವಿಸರ್ಜನೆಯ ನಂತರ

ಯಮುನೆಗೆ ಪೂಜಾ ಸಾಮಗ್ರಿ ಎಸೆಯುವವರಿಗೆ ಐದು ಸಾವಿರ ರೂಪಾಯಿ ದಂಡ ವಿಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. ದಂಡದ ಮಾತು ಹಾಗಿರಲಿ, ದೇವರಿಗೇರಿಸಿದ ಹೂ ಕೊಳಚೆಯಲ್ಲಿ ತೇಲುವುದನ್ನು ಯಾರ ಮನಸ್ಸೂ ಒಪ್ಪದು. ನೈಲಾನ್ ದಾರದಲ್ಲಿ ಪೋಣಿಸಿದ ಮಾಲೆಗಳನ್ನು ಬಿಡಿಸಿ ದಾರವನ್ನು ಬೇರೆ ಮಾಡಬೇಕು. ನಾರು, ಸೆಣಬುಗಳಾದರೆ ಹೂವಿನೊಂದಿಗೇ ಗೊಬ್ಬರವಾಗುತ್ತವೆ. ಬಾಳೆಯನ್ನು ಸಣ್ಣಗೆ ಕೊಚ್ಚಿ, ಒಣ ಎಲೆ ಮತ್ತು ಮಣ್ಣಿನ ಪದರಗಳ ನಡುವೆ ಕುಂಡದಲ್ಲಿ ಹಾಕಿಟ್ಟರೆ ಕೆಲವು ತಿಂಗಳುಗಳಲ್ಲಿ ತುಳಸಿಗೆ ಗೊಬ್ಬರ ದೊರೆಯುತ್ತದೆ.

ಚೌಕಟ್ಟನ್ನು ಮಾತ್ರ ಎಸೆಯಬೇಡಿ. ಬಿಚ್ಚುವ ಮೊದಲು ಪ್ರತಿ ಗಳಕ್ಕೂ ಅದು ಸೇರುವ ಮೂಲೆಗೂ ಒಂದೇ ಅಂಕಿಯನ್ನು ಬಣ್ಣದಲ್ಲಿ ಬರೆಯಿರಿ. ಒಣ ಬಟ್ಟೆಯಿಂದ ಒರೆಸಿ, ಎರಡು ದಿನ ಬಿಸಿಲಿಗಿಟ್ಟು, ಬೇವಿನೆಣ್ಣೆ ಸವರಿ ಕಟ್ಟಿಟ್ಟರೆ ಹುಳು ಬರುವುದು ಕಡಿಮೆಯಾಗುತ್ತದೆ. ಮರುವರ್ಷ ಬೇಕಾಗುವುದು ಹೊಸ ಹುರಿ ಮತ್ತು ಹೂ ಮಾತ್ರ. ಮಾಡಿಲ್ಲದ, ಹಿತ್ತಿಲಿಲ್ಲದ ಮನೆಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಗೆಣ್ಣು, ದಬ್ಬೆ, ಪಟ್ಟೆ, ನಾರು, ಮೊಳ ಮುಂತಾದ ಮಾತುಗಳು ನಿಘಂಟಿನಲ್ಲಿ ಸಿಗಬಹುದು, ಆದರೆ ಅರ್ಥವಾಗುವುದು ಅವು ಕೈಗೆ ಬಂದಾಗ. ಈ ಬಾರಿ ಹಬ್ಬಕ್ಕೆ ಮೂರು ದಿನ ಮುಂಚೆ ಗರಗಸ ಹಿರಿಯರ ಕೈಯಲ್ಲಿರಲಿ, ಹುರಿಯ ಉಂಡೆ ಮಕ್ಕಳ ಕೈಯಲ್ಲಿರಲಿ.